ಅಬ್ಬಾರ ಸಕ್ಕರೆ ಗೊತ್ತು, ಅಮ್ಮಿಯದು?

ತೀರ್ಥಹಳ್ಳಿಯ ನನ್ನ ತವರಿನಲ್ಲಿ ಅಬ್ಬಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ದಿನದಿಂದ ಅವರ ಆರೈಕೆಯೆಲ್ಲ ಅಮ್ಮಿಯದ್ದೇ. ಮಾತ್ರೆಯ ಡಬ್ಬಿ ತುಂಬುವವರು ಅಮ್ಮಿ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಅವರನ್ನು ಆಸ್ಪತ್ರೆಗೆ ಹೊರಡಿಸುವವರು ಅಮ್ಮಿ. ಹೋದ ಸಲ ಎಷ್ಟಿತ್ತು, ಅದರ ಹಿಂದಿನ ಸಲ ಎಷ್ಟಿತ್ತು ಎಂದು ಡಾಕ್ಟರ್ ಕೇಳಿದರೆ ಚೀಟಿ ನೋಡದೆ ಹೇಳುವವರೂ ಅಮ್ಮಿಯೇ. ಹೀಗೆ ಒಂಬತ್ತು ವರ್ಷ ಕಳೆಯಿತು. ಅಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ತಮ್ಮ ಬೆರಳನ್ನು ಪರೀಕ್ಷೆಗೆ ಚಾಚಲಿಲ್ಲ. ಮಕ್ಕಳಾದ ನಾವೂ ಕೇಳಲಿಲ್ಲ.

ಹತ್ತನೇ ವರ್ಷ ಅಂಗಳದಲ್ಲಿ ಅಡಿಕೆ ಹರವುವಾಗ ಅಮ್ಮಿಯ ಕಾಲಿಗೆ ಏನೋ ಚುಚ್ಚಿತು. ಅರಿಶಿನ ಹಚ್ಚಿದರು, ಮುಲಾಮು ಹಚ್ಚಿದರು. ಎರಡು ತಿಂಗಳಾದರೂ ಗಾಯ ಮಾಯಲಿಲ್ಲ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ 340 ಇತ್ತು. "ಇದು ಇವತ್ತು ನಿನ್ನೆಯದಲ್ಲ, ಕೆಲವು ವರ್ಷಗಳಿಂದಲೇ ಇದ್ದಿರಬೇಕು" ಎಂದರು ಡಾಕ್ಟರ್. ಕಾಲಿನ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೆ ಅಮ್ಮಿ ಹೇಳಿದ್ದು ಒಂದೇ ಮಾತು: "ಕಾಯಿಲೆ ಇರುವುದು ಅವರಿಗೆ, ನನಗೆ ಏನಾಗಿದೆ ಅಂದುಕೊಂಡಿದ್ದೆ."

ಸಹೋದರಿಯರೇ, ಇದು ನನ್ನ ಅಮ್ಮಿಯೊಬ್ಬರ ಕಥೆಯೆಂದು ನನಗೆ ಅನಿಸುವುದಿಲ್ಲ. ಮನೆಯ ಎಲ್ಲರ ತಟ್ಟೆಗೂ ಬಡಿಸಿ, ಎಲ್ಲರ ಮಾತ್ರೆಯನ್ನೂ ನೆನಪಿಟ್ಟು, ತನ್ನನ್ನು ಮಾತ್ರ ಕೊನೆಗೆ ನೋಡಿಕೊಳ್ಳುವ ಹೆಣ್ಣು ಯಾವ ಮನೆಯಲ್ಲಿಲ್ಲ? ಸಕ್ಕರೆ ಕಾಯಿಲೆಯಾದರೋ ನೋವಿಲ್ಲದೆ ಬರುವಂಥದ್ದು. ನೋವು ಕಾಣಿಸುವ ಹೊತ್ತಿಗೆ ಅದು ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳನ್ನು ಮುಟ್ಟಿರುತ್ತದೆ. ಹಾಗಾದರೆ ಅದು ಬರುವ ಮೊದಲೇ ತಡೆಯಲು ಸಾಧ್ಯವೇ? ಸಾಧ್ಯ ಎಂದು ಜಗತ್ತಿನ ಹಲವು ಕಡೆಯ ಅನುಭವ ಹೇಳುತ್ತದೆ. ಆದರೆ ಒಬ್ಬೊಬ್ಬರೇ ಮನೆಯೊಳಗೆ ಕುಳಿತು ಮಾಡುವುದಕ್ಕಿಂತ ನಾಲ್ಕು ಮಂದಿ ಸೇರಿ ಮಾಡಿದರೆ ಅದು ನಡೆದುಕೊಂಡು ಹೋಗುತ್ತದೆ.

ಹೊಸ್ತಿಲಲ್ಲಿ ನಿಂತವರು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮದರಾಸಿನ ಮಧುಮೇಹ ತಜ್ಞರೊಡನೆ ಸೇರಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ ಶೇಕಡ 15.3 ಮಂದಿ, ಸುಮಾರು 13 ಕೋಟಿ 60 ಲಕ್ಷ ಜನ, ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ. ಇವರ ರಕ್ತದ ಸಕ್ಕರೆ ಸಹಜ ಮಟ್ಟವನ್ನು ದಾಟಿದೆ, ಕಾಯಿಲೆಯ ಮಟ್ಟವನ್ನು ಮುಟ್ಟಿಲ್ಲ. ವೈದ್ಯರು ಇದನ್ನು ಮಧುಮೇಹ ಪೂರ್ವ ಸ್ಥಿತಿ ಎನ್ನುತ್ತಾರೆ.

ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಸಹಜ. 100ರಿಂದ 125ರ ನಡುವೆ ಇದ್ದರೆ ಹೊಸ್ತಿಲು. 126 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 5.7ರಿಂದ 6.4 ಹೊಸ್ತಿಲು, 6.5ರಿಂದ ಮೇಲೆ ಮಧುಮೇಹ. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ ಎಂಬುದು ಬೆಳಿಗ್ಗೆ ಮನೆ ಕೆಲಸ ಮುಗಿಸಿ, ಬಸ್ಸು ಹಿಡಿದು ಪೇಟೆಗೆ ಬರುವ ಹೆಂಗಸರಿಗೆ ಅನುಕೂಲವೇ.

ಅದೇ ಸಮೀಕ್ಷೆಯ ಇನ್ನೊಂದು ವಿಷಯ ನಮ್ಮಂಥ ಊರಿನವರನ್ನು ಎಚ್ಚರಿಸಬೇಕು. ಮಧುಮೇಹ ನಗರಗಳಲ್ಲಿ ಶೇಕಡ 16.4, ಹಳ್ಳಿಗಳಲ್ಲಿ ಶೇಕಡ 8.9. ನಗರದಲ್ಲಿ ಹೆಚ್ಚು ಕಡಿಮೆ ಎರಡು ಪಟ್ಟು. ಆದರೆ ಹೊಸ್ತಿಲಲ್ಲಿ ನಿಂತವರ ಪ್ರಮಾಣ ನಗರ, ಹಳ್ಳಿ ಎರಡರಲ್ಲೂ ಬಹುತೇಕ ಒಂದೇ. ಎಂದರೆ "ನಮ್ಮದು ಮಲೆನಾಡು, ಒಳ್ಳೆಯ ಗಾಳಿ, ಒಳ್ಳೆಯ ನೀರು, ನಮಗೆ ಬೆಂಗಳೂರಿನ ಕಾಯಿಲೆ ಬರುವುದಿಲ್ಲ" ಎನ್ನುವ ಕಾಲ ಮುಗಿಯಿತು.

ಊಟ ಅದೇ, ದುಡಿಮೆ ಬೇರೆ

ನಮ್ಮ ನಾನಿ, ದಾದಿಯರೂ ಮೂರು ಹೊತ್ತು ಅಕ್ಕಿಯನ್ನೇ ಉಂಡವರು. ಬೆಳಿಗ್ಗೆ ಕಡುಬು ಇಲ್ಲವೇ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಆದರೆ ಅವರು ಬಾವಿಯಿಂದ ನೀರು ಸೇದಿದರು, ಒಳಕಲ್ಲಿನಲ್ಲಿ ರುಬ್ಬಿದರು, ಕಟ್ಟಿಗೆ ಹೊತ್ತರು, ಮೈಲುಗಟ್ಟಲೆ ನಡೆದರು. ಇಂದು ನೀರು ನಲ್ಲಿಯಲ್ಲಿ, ರುಬ್ಬುವುದು ಮಿಕ್ಸಿಯಲ್ಲಿ, ಬೆಂಕಿ ಗ್ಯಾಸಿನಲ್ಲಿ, ಓಡಾಟ ಸ್ಕೂಟಿಯಲ್ಲಿ. ಈ ಸೌಕರ್ಯಗಳು ಬೇಡವೆಂದಲ್ಲ. ದುಡಿಮೆ ತಗ್ಗಿದಷ್ಟು ತಟ್ಟೆಯ ಅನ್ನ ತಗ್ಗಲಿಲ್ಲ, ಅಷ್ಟೇ.

ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮಾಂಸಖಂಡಗಳಿಗೆ ಸೇರಿಸುವುದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್. ಹೊಟ್ಟೆಯ ಸುತ್ತ ಕೊಬ್ಬು ಬೆಳೆದಾಗ, ಮಾಂಸಖಂಡಗಳು ದುಡಿಯದೆ ಕುಳಿತಾಗ, ಇನ್ಸುಲಿನ್ ಬಾಗಿಲು ತಟ್ಟಿದರೂ ದೇಹ ಸರಿಯಾಗಿ ತೆರೆಯುವುದಿಲ್ಲ. ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ವರ್ಷಗಳು ಹೀಗೆ ಕಳೆದು ಅದು ದಣಿಯುತ್ತದೆ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೇ ಬಗೆಯ ಮಧುಮೇಹ ಹೀಗೆ ಬರುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ ಕಾಣಿಸಿಕೊಂಡು ಮೊದಲ ದಿನದಿಂದಲೇ ಇನ್ಸುಲಿನ್ ಬೇಕಾಗುವ ಮೊದಲನೇ ಬಗೆ ಬೇರೆಯದು. ಅದಕ್ಕೆ ಊಟದ ತಪ್ಪಾಗಲಿ ತಾಯಿಯ ತಪ್ಪಾಗಲಿ ಕಾರಣವಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಸಣ್ಣ ಪೇಟೆಗಳೇ. ಆದರೂ ಒಂದೇ ಬೀದಿಯಲ್ಲಿ ದಖ್ಖನಿ ಉರ್ದು ಆಡುವ ಮನೆ, ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿ ಮನೆ, ಭಟ್ಕಳದ ಕಡೆಯ ನವಾಯತಿ ಮನೆ, ಪಕ್ಕದಲ್ಲೇ ಕನ್ನಡ, ಕೊಂಕಣಿ ಮಾತಾಡುವ ಹಿಂದೂ, ಕ್ರೈಸ್ತ ಮನೆಗಳು ಸಿಗುತ್ತವೆ. ಒಬ್ಬರಲ್ಲಿ ಬಿರಿಯಾನಿ, ಒಬ್ಬರಲ್ಲಿ ಪತ್ತಿರ್, ತುಪ್ಪದನ್ನ, ಮತ್ತೊಬ್ಬರಲ್ಲಿ ನೀರುದೋಸೆ. ಅಡುಗೆ ಬೇರೆ ಬೇರೆಯಾದರೂ ಅಕ್ಕಿ ಒಂದೇ, ದಿನಕ್ಕೆ ನಾಲ್ಕೈದು ಲೋಟ ಸಿಹಿ ಚಹಾ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲು ಬಿಡದ ಮಳೆಯೂ ಎಲ್ಲರಿಗೂ ಒಂದೇ. ದಿನಾ ನಡೆಯಿರಿ ಎಂದು ಶಿವಮೊಗ್ಗದ ಡಾಕ್ಟರ್ ಹೇಳುವುದು ಸುಲಭ. ಹೊಸನಗರದ ಜುಲೈ ತಿಂಗಳಲ್ಲಿ ನಡೆಯುವುದು ಎಲ್ಲಿ?

ತಡೆಯಬಹುದು ಎಂಬುದಕ್ಕೆ ಆಧಾರ

1986ರಲ್ಲಿ ಚೀನಾದ ಡಾ ಚಿಂಗ್ ನಗರದಲ್ಲಿ ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರಿಸಿ ಕೆಲವರಿಗೆ ಊಟದ ಪಥ್ಯ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಆರು ವರ್ಷ ಅಭ್ಯಾಸ ಮಾಡಿಸಿದರು. ಉಳಿದವರನ್ನು ಹಾಗೆಯೇ ಬಿಟ್ಟರು. 30 ವರ್ಷಗಳ ನಂತರ ನೋಡಿದಾಗ ಅಭ್ಯಾಸ ಮಾಡಿದವರಿಗೆ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯಾಘಾತ, ಪಾರ್ಶ್ವವಾಯು ಕೂಡ ಅವರಲ್ಲಿ ಕಡಿಮೆಯಾಗಿತ್ತು.

ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅವರ ಮುಂದಿಟ್ಟ ಗುರಿ ಎರಡೇ: ದೇಹದ ತೂಕವನ್ನು ಶೇಕಡ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವುದು. ಎಂದರೆ 70 ಕಿಲೋ ಇದ್ದವರು ಐದು ಕಿಲೋ ಇಳಿಯಬೇಕು, ವಾರದ ಐದು ದಿನ ಅರ್ಧ ಗಂಟೆ ನಡೆಯಬೇಕು. ಇದರಿಂದ ಮಧುಮೇಹಕ್ಕೆ ಜಾರುವವರ ಸಂಖ್ಯೆ ಶೇಕಡ 58ರಷ್ಟು ತಗ್ಗಿತು. ಮಾತ್ರೆ ಕೊಟ್ಟ ಗುಂಪಿನಲ್ಲಿ ತಗ್ಗಿದ್ದು ಶೇಕಡ 31. ಆ ಅಧ್ಯಯನದಲ್ಲಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಕರಿಯರು, ಮೂಲನಿವಾಸಿಗಳು, ಏಷ್ಯಾದಿಂದ ಬಂದವರು, ಸ್ಪ್ಯಾನಿಷ್ ಮೂಲದವರು. ಜನಾಂಗ ಯಾವುದೇ ಇರಲಿ, ಲಾಭ ಎಲ್ಲರಿಗೂ ಸಿಕ್ಕಿತು.

ನಮ್ಮ ನೆರೆಯ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು 531 ಮಂದಿಯ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಏನೂ ಮಾಡದೆ ಬಿಟ್ಟವರಲ್ಲಿ ಮೂರು ವರ್ಷಗಳೊಳಗೆ ಶೇಕಡ 55 ಮಂದಿಗೆ ಮಧುಮೇಹ ಬಂದುಬಿಟ್ಟಿತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಅದು ಶೇಕಡ 39ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಚೆನ್ನೈಯವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಆದರೂ ಪ್ರಯೋಜನವಾಯಿತು. "ಎಷ್ಟು ನಡೆದರೂ ತೂಕ ಇಳಿಯುವುದಿಲ್ಲ" ಎಂದು ಬೇಸತ್ತು ಬಿಟ್ಟುಬಿಡುವ ಸಹೋದರಿಯರು ಇದನ್ನು ನೆನಪಿಡಬೇಕು.

ಆಸ್ಪತ್ರೆಯಿಂದ ಮೊಹಲ್ಲಾಕ್ಕೆ

ಅಧ್ಯಯನಗಳಲ್ಲಿ ಒಬ್ಬೊಬ್ಬರಿಗೂ ಸಲಹೆ ಕೊಡಲು ಆಹಾರ ತಜ್ಞರು ಇದ್ದರು. ಕೋಟ್ಯಂತರ ಜನರಿಗೆ ಅದು ಸಾಧ್ಯವೇ? ಆದ್ದರಿಂದ ಅಮೆರಿಕದವರು ಕಾರ್ಯಕ್ರಮವನ್ನು ಆಸ್ಪತ್ರೆಯಿಂದ ಹೊರಗೆ ತಂದರು. ವೈಎಂಸಿಎಯಂಥ ಸಂಘಗಳಲ್ಲಿ, ಪ್ರಾರ್ಥನಾ ಮಂದಿರಗಳಲ್ಲಿ, ಬಡಾವಣೆಯ ಸಭಾಂಗಣಗಳಲ್ಲಿ ಸಣ್ಣ ಸಣ್ಣ ಗುಂಪು ಕಟ್ಟಿ, ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಒಂದು ವರ್ಷ ನಡೆಸುವ ಪದ್ಧತಿ 2010ರಿಂದ ಅಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕೇರಳದ್ದು. ತಿರುವನಂತಪುರ ಜಿಲ್ಲೆಯ 60 ಮತಗಟ್ಟೆ ಪ್ರದೇಶಗಳಲ್ಲಿ ಅಪಾಯದಲ್ಲಿದ್ದ 1,007 ಮಂದಿಯನ್ನು ಗುರುತಿಸಿದರು. ಅರ್ಧ ಪ್ರದೇಶಗಳಲ್ಲಿ ಗುಂಪು ಕಟ್ಟಿ, ಅಲ್ಲಿನವರನ್ನೇ ಗುಂಪಿನ ಮುಂದಾಳುಗಳನ್ನಾಗಿ ಮಾಡಿ ಒಂದು ವರ್ಷ ಸಭೆ ನಡೆಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶವನ್ನು ಇದ್ದಂತೆಯೇ ಹೇಳಬೇಕು. ಎರಡು ವರ್ಷಗಳ ಕೊನೆಗೆ ಗುಂಪಿನಲ್ಲಿದ್ದವರಲ್ಲಿ ಶೇಕಡ 14.9, ಇಲ್ಲದವರಲ್ಲಿ ಶೇಕಡ 17.1 ಮಂದಿಗೆ ಮಧುಮೇಹ ಬಂದಿತ್ತು. ಈ ವ್ಯತ್ಯಾಸ ಗುಂಪಿನಿಂದಲೇ ಆಯಿತು ಎಂದು ಖಚಿತವಾಗಿ ಹೇಳಲಾರದಷ್ಟು ಸಣ್ಣದು. ಆದರೆ ಹಣ್ಣು ತರಕಾರಿ ತಿನ್ನುವುದು ಹೆಚ್ಚಿತ್ತು, ಮದ್ಯ ಕುಡಿಯುವುದು ತಗ್ಗಿತ್ತು.

ಇದರಿಂದ ನಾವು ಕಲಿಯಬೇಕಾದ್ದೇನು? ಸಭೆ ಸೇರಿದ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ. ಭಾಷಣ ಕೇಳಿ ಚಹಾ ಕುಡಿದು ಎದ್ದರೆ ಏನೂ ಆಗುವುದಿಲ್ಲ. ಗುಂಪು ಅಳೆಯಬೇಕು, ಬರೆದಿಡಬೇಕು, ನಡೆಯಬೇಕು, ವರ್ಷ ಕಳೆದ ಮೇಲೂ ಬಿಡದೆ ಮುಂದುವರಿಯಬೇಕು.

ನಮ್ಮ ತಾಲ್ಲೂಕುಗಳಲ್ಲಿ ಏನಿದೆ?

ಕೇಂದ್ರ ಸರಕಾರ 2010ರಲ್ಲಿ ಮಧುಮೇಹ, ಕ್ಯಾನ್ಸರ್, ಹೃದ್ರೋಗ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ಶುರು ಮಾಡಿದಾಗ ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಶಿವಮೊಗ್ಗವೂ ಇತ್ತು. 30 ವರ್ಷ ದಾಟಿದ ಪ್ರತಿಯೊಬ್ಬರನ್ನೂ ಪರೀಕ್ಷಿಸಬೇಕು ಎಂಬ ಕಾರ್ಯಕ್ರಮ 2017ರಲ್ಲಿ ಬಂತು. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಸೊಂಟದ ಸುತ್ತಳತೆ, ನಡಿಗೆ, ಮನೆತನದಲ್ಲಿ ಕಾಯಿಲೆ ಇದೆಯೇ ಎಂದು ಕೇಳಿ ಅಂಕ ಹಾಕುತ್ತಾರೆ. ಅಂಕ 4 ದಾಟಿದವರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು. ರಾಜ್ಯ ಸರಕಾರದ ಗೃಹ ಆರೋಗ್ಯ ಯೋಜನೆಯೂ 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ಸರಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಹಣವಿಲ್ಲ.

ಮನೆ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯರು ನಮಗೆ ಹೊಸಬರಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಭಯ ನಮ್ಮ ಮೂರೂ ತಾಲ್ಲೂಕುಗಳಿಗೆ ಗೊತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಜೀವಗಳನ್ನು ತೆಗೆದಾಗ ಇಡೀ ಜಿಲ್ಲೆ ಬೆಚ್ಚಿತ್ತು. ಮಂಗ ಸತ್ತಿದೆ ಎಂದರೆ ಸಾಕು, ಊರಿಗೆ ಊರೇ ಎಚ್ಚರವಾಗುತ್ತದೆ. ಕಾಡಿನಿಂದ ಬರುವ ಕಾಯಿಲೆಗೆ ನಾವು ಒಟ್ಟಾಗಿ ಹೆದರುತ್ತೇವೆ, ಒಟ್ಟಾಗಿ ಎಚ್ಚರ ವಹಿಸುತ್ತೇವೆ. ಅಡುಗೆಮನೆಯಿಂದ ಬರುವ ಕಾಯಿಲೆಗೆ ಮಾತ್ರ "ಅವರವರ ಹಣೆಬರಹ" ಎನ್ನುತ್ತೇವೆ.

ಯೋಜನೆ ಇದ್ದರೂ ನಮ್ಮ ಹೆಂಗಸರಿಗೆ ಅದು ತಲುಪದಿರಲು ಕಾರಣಗಳಿವೆ. ಶಿಬಿರ ನಡೆದರೆ ಗಂಡಸರು ಹೋಗುತ್ತಾರೆ, ಹೆಂಗಸರು ಮನೆಯಲ್ಲೇ ಉಳಿಯುತ್ತಾರೆ. ಸೊಂಟ ಅಳೆಯಲು ಹಲವರಿಗೆ ಸಂಕೋಚ. ಉರ್ದು ಮಾತ್ರ ಬಲ್ಲ ವಯಸ್ಸಾದ ದಾದಿಗೆ ಕನ್ನಡದ ಚೀಟಿ ಓದಲು ಬಾರದು. ಕಾಯಿಲೆ ಗೊತ್ತಾದರೆ ಮದುವೆಯಾಗಬೇಕಾದ ಹೆಣ್ಣುಮಕ್ಕಳಿಗೆ ತೊಂದರೆ ಎಂದು ಮುಚ್ಚಿಡುವವರೂ ಇದ್ದಾರೆ. ಈ ಅಡ್ಡಿಗಳನ್ನು ತೆಗೆಯಲು ಹೊರಗಿನವರಿಂದ ಆಗದು. ಆಶಾ ಕಾರ್ಯಕರ್ತೆಯ ಜೊತೆ ನಮ್ಮ ಮೊಹಲ್ಲಾದ ಒಬ್ಬ ವಿದ್ಯಾವಂತ ಹೆಣ್ಣುಮಗಳು ಹೋಗಿ ಮನೆಯ ಮಾತಿನಲ್ಲಿ ವಿವರಿಸಿದರೆ ಅರ್ಧ ಕೆಲಸ ಆದಂತೆ. ಮಸೀದಿಯ ಜಮಾಅತಿನವರು ಜುಮಾದ ದಿನ ಒಂದು ಮಾತು ಹೇಳಿದರೆ, ಮದ್ರಸದ ಕೋಣೆಯನ್ನು ತಿಂಗಳಿಗೊಂದು ದಿನ ಹೆಂಗಸರ ಪರೀಕ್ಷೆಗೆ ಬಿಟ್ಟುಕೊಟ್ಟರೆ ಉಳಿದರ್ಧವೂ ಸುಲಭ.

ಪೆನ್ಸಿಲ್ ತೆಗೆದುಕೊಳ್ಳಿ

ಚೆನ್ನೈಯ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಭಾರತೀಯರಿಗೆಂದೇ ಒಂದು ಸರಳ ಅಂಕಪಟ್ಟಿ ಮಾಡಿದರು. ರಕ್ತ ತೆಗೆಯದೆ ಮನೆಯಲ್ಲೇ ಲೆಕ್ಕ ಹಾಕಬಹುದು.

ವಯಸ್ಸು: 35ಕ್ಕಿಂತ ಕಡಿಮೆಯಾದರೆ 0, 35ರಿಂದ 49 ಆದರೆ 20, 50 ಮತ್ತು ಮೇಲಾದರೆ 30.

ಸೊಂಟದ ಸುತ್ತಳತೆ: ಹೆಂಗಸರಿಗೆ 80 ಸೆಂಟಿಮೀಟರಿಗಿಂತ ಕಡಿಮೆಯಾದರೆ 0, 80ರಿಂದ 89 ಆದರೆ 10, 90 ಮತ್ತು ಮೇಲಾದರೆ 20. ಗಂಡಸರಿಗೆ 90ಕ್ಕಿಂತ ಕಡಿಮೆಯಾದರೆ 0, 90ರಿಂದ 99 ಆದರೆ 10, 100 ಮತ್ತು ಮೇಲಾದರೆ 20.

ದುಡಿಮೆ: ನಿತ್ಯ ವ್ಯಾಯಾಮದ ಜೊತೆ ಮೈಬಗ್ಗಿಸುವ ಕೆಲಸವೂ ಇದ್ದರೆ 0, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30.

ಮನೆತನ: ತಂದೆ ತಾಯಿಗೆ ಮಧುಮೇಹ ಇಲ್ಲದಿದ್ದರೆ 0, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಒಟ್ಟು 60 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ಮಾಡಿಸಲೇಬೇಕು. 30ರಿಂದ 50 ಮಧ್ಯಮ. 30ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ. ಇದು ಕಾಯಿಲೆ ಇದೆ ಎಂಬ ತೀರ್ಪಲ್ಲ, ಪರೀಕ್ಷೆಗೆ ಹೋಗು ಎಂಬ ಕರೆ.

ಅಮ್ಮಿಯ ಬೆರಳು ಹೋದ ನಂತರ ನಾನು ನನ್ನ ಲೆಕ್ಕ ಹಾಕಿದೆ. ವಯಸ್ಸಿಗೆ 20, ಸೊಂಟಕ್ಕೆ 10, ಕುಳಿತ ಬದುಕಿಗೆ 30, ಅಬ್ಬಾ ಮತ್ತು ಅಮ್ಮಿ ಇಬ್ಬರಿಂದ 20. ಒಟ್ಟು 80. ಸಾಗರದ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯ ಪರೀಕ್ಷೆ ಮಾಡಿಸಿದಾಗ 112 ಬಂತು. ನಾನೂ ಹೊಸ್ತಿಲಲ್ಲೇ ನಿಂತಿದ್ದೆ.

ಹತ್ತು ಮಂದಿ, ಒಂದು ಟೇಪು

ನಮ್ಮ ಬೀದಿಯ ಹತ್ತು ಮಂದಿ ಹೆಂಗಸರು ಸೇರಿ ಶುರು ಮಾಡಿದ ಕೆಲಸಕ್ಕೆ ದೊಡ್ಡ ಹೆಸರೇನೂ ಇಲ್ಲ. ಒಂದು ದರ್ಜಿಯ ಟೇಪು, ಒಂದು ತೂಕದ ಯಂತ್ರ, ಒಂದು ನೋಟ್ ಪುಸ್ತಕ. ವಾರಕ್ಕೊಮ್ಮೆ ಅಸರ್ ನಮಾಝಿನ ನಂತರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ತಿಂಗಳಿಗೊಮ್ಮೆ ಸೊಂಟ, ತೂಕ ಅಳೆದು ಬರೆಯುತ್ತೇವೆ. ಆ ವಾರ ಎಷ್ಟು ನಿಮಿಷ ನಡೆದೆವು, ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿದೆವು ಎಂದು ಹೇಳುತ್ತೇವೆ. ಸುಳ್ಳು ಹೇಳಿದರೆ ಟೇಪು ಹೇಳಿಬಿಡುತ್ತದೆ ಎಂದು ನಗುತ್ತೇವೆ.

ಮೊದಲು ಹಿಡಿದದ್ದು ಚಹಾವನ್ನು. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚದಂತೆ ಹತ್ತು ಚಮಚ ಸಕ್ಕರೆ. ಅಂದರೆ 40ರಿಂದ 50 ಗ್ರಾಂ. ತಿಂಗಳಿಗೆ ಒಂದು ಕಿಲೋಗಿಂತ ಹೆಚ್ಚು, ಅದೂ ಚಹಾದಿಂದ ಮಾತ್ರ. ದಿನಕ್ಕೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಲ್ಲ, ಜೇನು, ಖರ್ಜೂರ ಸಕ್ಕರೆಯಲ್ಲ ಎಂದು ನಂಬಿ ಮೋಸ ಹೋಗಬಾರದು. ರಕ್ತಕ್ಕೆ ಸೇರಿದ ಮೇಲೆ ಅವೂ ಸಕ್ಕರೆಯೇ.

ಎರಡನೆಯದು ತಟ್ಟೆ. ಅನ್ನ ಬಿಡಿ ಎಂದರೆ ಮಲೆನಾಡಿನಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ತಟ್ಟೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಬೇಳೆ, ಮೀನು ಅಥವಾ ಮಾಂಸ. ಉಳಿದ ಕಾಲು ಭಾಗ ಅನ್ನ ಅಥವಾ ರೊಟ್ಟಿ. ಬಸಳೆ, ಕೆಸು, ಕಳಲೆ, ನುಗ್ಗೆಸೊಪ್ಪು ಹಿತ್ತಿಲಲ್ಲೇ ಸಿಗುವಾಗ ಇದಕ್ಕೆ ಖರ್ಚೂ ಇಲ್ಲ. ಬಿರಿಯಾನಿ ಮಾಡಿದ ದಿನವೂ ಇದೇ ಲೆಕ್ಕ, ಮೊದಲು ಸಲಾಡ್, ಆಮೇಲೆ ಒಂದೇ ಸಲ ಬಡಿಸಿಕೊಳ್ಳುವುದು. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಬಾಯಿಪಾಠ. ದಸ್ತರ್‌ಖಾನಿನ ಮುಂದೆ ಕುಳಿತಾಗ ಮಾತ್ರ ಮರೆಯುತ್ತೇವೆ.

ಮೂರನೆಯದು ನಡಿಗೆ. ಬೇಸಿಗೆ, ಚಳಿಗಾಲದಲ್ಲಿ ಇಬ್ಬಿಬ್ಬರಾಗಿ ಬೀದಿಯಲ್ಲಿ ನಡೆದೆವು. ಮಳೆ ಹಿಡಿದಾಗ ಶಾದಿ ಮಹಲಿನ ಖಾಲಿ ಸಭಾಂಗಣವನ್ನು ಕೇಳಿದೆವು. ಸಿಗದ ದಿನ ಮನೆಯ ಹಜಾರದಲ್ಲೇ ಹತ್ತು ಹತ್ತು ನಿಮಿಷ, ಮೂರು ಹೊತ್ತು ಊಟದ ನಂತರ. ಅಡಿಕೆ ಸುಲಿಯುವ ಕಾಲದಲ್ಲಿ ಗಂಟೆಗಟ್ಟಲೆ ಮಣೆ ಬಿಟ್ಟೇಳದವರು ಗಂಟೆಗೊಮ್ಮೆ ಎದ್ದು ಅಂಗಳ ಸುತ್ತಿ ಬರಬೇಕೆಂದು ನಿಯಮ ಮಾಡಿಕೊಂಡೆವು.

ಹತ್ತು ಮಂದಿಯೂ ಉಳಿಯಲಿಲ್ಲ. ಒಬ್ಬರಿಗೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ, ಒಬ್ಬರು ಊರು ಬಿಟ್ಟರು, ಇಬ್ಬರಿಗೆ ಬೇಸರ ಬಂತು. ಆರು ಮಂದಿ ಉಳಿದೆವು. ಪಕ್ಕದ ಬೀದಿಯ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ನಮ್ಮ ಟೇಪನ್ನು ಎರವಲು ಕೇಳಿ ಒಯ್ದರು. ಸಾಲದ ಕಂತು ಕಟ್ಟಲು ವಾರ ವಾರ ಸೇರುವ ಸಂಘಗಳು ಎಲ್ಲ ಧರ್ಮದ ಹೆಂಗಸರಿಗೂ ಇವೆ. ಕಂತಿನ ಪುಸ್ತಕದ ಪಕ್ಕದಲ್ಲಿ ಸೊಂಟದ ಪುಸ್ತಕವನ್ನೂ ಇಟ್ಟರೆ ಸಾಕು, ಕಾರ್ಯಕ್ರಮ ಊರಿಡೀ ಹಬ್ಬುತ್ತದೆ.

ಗರ್ಭಿಣಿಗೆ ಬಂದು ಹೋಗುವ ಸಕ್ಕರೆ

ಹೊಸನಗರದಲ್ಲಿರುವ ನನ್ನ ತಂಗಿಗೆ ಎರಡನೆಯ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು. ಹೆರಿಗೆಯಾದ ಮೇಲೆ ಹೋಯಿತು ಎಂದು ಎಲ್ಲರೂ ಮರೆತರು. ಬಾಣಂತನಕ್ಕೆ ತುಪ್ಪದ ಹರೀರಾ, ಉಂಡೆ ಎಂದಿನಂತೆ ನಡೆಯಿತು. ಇದು ಬಹಳ ಮನೆಗಳಲ್ಲಿ ಆಗುವ ತಪ್ಪು. ಗರ್ಭಿಣಿಯಾಗಿದ್ದಾಗ ಸಕ್ಕರೆ ಬಂದ ಹೆಣ್ಣಿಗೆ ಮುಂದೆ ಮಧುಮೇಹ ಬರುವ ಅಪಾಯ ಬೇರೆಯವರಿಗಿಂತ ಸುಮಾರು ಏಳು ಪಟ್ಟು ಹೆಚ್ಚು. ಮಗುವಿಗೂ ಅದರ ನೆರಳಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಹುಟ್ಟಿದ ಮಕ್ಕಳನ್ನು ವರ್ಷಾನುವರ್ಷ ಗಮನಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿದೆ. ಸಕ್ಕರೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವಯಸ್ಸಿಗಾಗಲೇ ಕೊಬ್ಬಿನಂಶ ಹೆಚ್ಚಿತ್ತು.

ಆದ್ದರಿಂದ ಗರ್ಭಿಣಿಯರು 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ಮಾಡುವ ಪರೀಕ್ಷೆಯನ್ನು ತಪ್ಪಿಸಬಾರದು. ಅದು 140 ಅಥವಾ ಹೆಚ್ಚು ಬಂದರೆ ಚಿಕಿತ್ಸೆ ಬೇಕು. ಹೆರಿಗೆಯ ಆರು ವಾರಗಳ ನಂತರ ಮತ್ತೆ ಪರೀಕ್ಷಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಸೊಸೆಯ ಈ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳುವ ಹೊಣೆ ಅತ್ತೆಯದ್ದಾದರೆ ಎಷ್ಟು ಚೆನ್ನ!

ರಮಝಾನ್: ಆರಂಭಕ್ಕೆ ಒಳ್ಳೆಯ ತಿಂಗಳು

ಹಗಲಿಡೀ ಉಪವಾಸವಿದ್ದು ಇಫ್ತಾರಿಗೆ ಸಮೋಸ, ಪಕೋಡ, ಶರಬತ್ತು, ಖೀರು, ಆಮೇಲೆ ಊಟ, ತರಾವೀಹ್ ಮುಗಿಸಿ ಮತ್ತೆ ಚಹಾ. ಹೀಗಾದರೆ ಉಪವಾಸದ ತಿಂಗಳಲ್ಲೇ ತೂಕ ಏರುತ್ತದೆ. ಹೊಸ್ತಿಲಲ್ಲಿರುವವರು ಎರಡು ಖರ್ಜೂರ, ನೀರು, ಹಣ್ಣಿನಿಂದ ಉಪವಾಸ ಬಿಟ್ಟು, ಹಿತಮಿತವಾಗಿ ಉಂಡು ನಡೆದರೆ ಅದೇ ತಿಂಗಳು ಹೊಸ ಅಭ್ಯಾಸದ ಆರಂಭವಾಗುತ್ತದೆ.

ಈಗಾಗಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯ ಬೇರೆ. 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ರೋಗಿಗಳ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಮಝಾನಿನಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವುದು ಹಲವು ಪಟ್ಟು ಹೆಚ್ಚಿದ್ದು ಕಂಡುಬಂತು. ಇಂಥವರು ಆರೆಂಟು ವಾರ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಬೆರಳಿನಿಂದ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ ಎಂದು ಉಲಮಾಗಳು ಹೇಳಿದ್ದಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕುರ್‌ಆನಿನಲ್ಲಿ ಕೊಟ್ಟಿದ್ದಾನೆ. ಅವನು ಕೊಟ್ಟ ರಿಯಾಯಿತಿಯನ್ನು ನಾವು ಕೀಳೆಂದು ಎಣಿಸುವುದೇಕೆ?

ದೇಹ ನಮ್ಮ ಸ್ವಂತದ್ದಲ್ಲ, ಅಲ್ಲಾಹನು ನಮ್ಮಲ್ಲಿಟ್ಟ ಅಮಾನತು. ಗಂಡನ, ಮಕ್ಕಳ ಅಮಾನತನ್ನು ಕಾಯುವ ನಾವು ನಮ್ಮದನ್ನು ಮಾತ್ರ ಕಾಯದಿದ್ದರೆ ಅದಕ್ಕೂ ಉತ್ತರ ಹೇಳಬೇಕಲ್ಲವೇ?

ಅಮ್ಮಿಯ ಗಾಯ ಮಾಯ್ದಿದೆ. ನಿಧಾನವಾಗಿ ನಡೆಯುತ್ತಾರೆ. ಒತ್ತಾಯದಿಂದ ಪರೀಕ್ಷೆ ಮಾಡಿಸಿದಾಗ ತಂಗಿಯದ್ದು 6.2 ಬಂತು, ಅವಳೂ ಈಗ ಹೊಸನಗರದಲ್ಲಿ ನಾಲ್ಕು ಮಂದಿಯನ್ನು ಸೇರಿಸಿಕೊಂಡು ನಡೆಯುತ್ತಾಳೆ. ಒಂದು ವರ್ಷದ ನಂತರ ನನ್ನ ಸಕ್ಕರೆ 104. ಇನ್ನೂ ಹೊಸ್ತಿಲಲ್ಲೇ ಇದ್ದೇನೆ, ಆದರೆ ಒಂದು ಹೆಜ್ಜೆ ಹಿಂದೆ ಬಂದಿದ್ದೇನೆ, ಅಲ್‌ಹಮ್ದುಲಿಲ್ಲಾಹ್. ತೀರ್ಥಹಳ್ಳಿಯ ಮನೆಗೆ ಯಾವ ಹೆಂಗಸು ಬಂದರೂ ಅಮ್ಮಿ ಸಲಾಮ್ ಹೇಳಿ ಕೂರಿಸಿ, ಮನೆಯವರ ಕ್ಷೇಮ ವಿಚಾರಿಸಿ, ಆಮೇಲೆ ತಪ್ಪದೆ ಕೇಳುತ್ತಾರೆ: "ಅವರದ್ದಿರಲಿ, ನಿನ್ನದು ನೋಡಿಸಿದೆಯಾ ಬೇಟಿ?"